ವಾಶ್ ಎಳೆದರೆ ಕಪ್ಪು ಚುಕ್ಕಿ ಏಳ್ತಿದೆ: ಕೊಡಗಿನ ಮಳೆ ತಡೆಯೋ ಜಲವರ್ಣ ಪೇಪರ್ ಯಾವುದು?

ನೀಲಿಸೀಸೆ · ಸೋಮವಾರಪೇಟೆ

300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಕ), ಕೋಲ್ಡ್ ಪ್ರೆಸ್ (ಸ್ವಲ್ಪ ತರಿತರಿ ಮೈ), 100% ಕಾಟನ್ ಅಂತ ಬರೆದಿರೋ ಪ್ಯಾಡ್. ಫೆಬ್ರವರಿಯಲ್ಲಿ ಆಕಾಶದ ವಾಶ್, ಅಂದರೆ ನೀರಾಗಿ ಹರಡೋ ಬಣ್ಣದ ಪದರ, ನುಣ್ಣಗೆ ಕೂರ್ತಿತ್ತು. ಈಗ ಅದೇ ಪ್ಯಾಡ್, ಅದೇ ಅಲ್ಟ್ರಾಮರೀನ್ ನೀಲಿ. ಬ್ರಷ್ ಎಳೆದ ತಕ್ಷಣ ಗಸಗಸೆ ಚೆಲ್ಲಿದ ಹಾಗೆ ಕಪ್ಪು ಚುಕ್ಕಿ ಏಳ್ತಿವೆ, ಒಣಗಿದ ಮೇಲೂ ಹೋಗಲ್ಲ. ಹಾಳೆ ಬಿಳಿಯಾಗೇ ಇದೆ, ಬೂಷ್ಟು ಕಾಣ್ತಿಲ್ಲ. ಬೇರೆ ಕಂಪನಿಗೆ ಹೋಗಬೇಕಾ, ಇನ್ನೂ ದಪ್ಪದ್ದು ತಗೋಬೇಕಾ?

ಹಾರಂಗಿ · ಕುಶಾಲನಗರ

ದಪ್ಪಕ್ಕೂ ಇದಕ್ಕೂ ಸಂಬಂಧ ಇಲ್ಲ. ನಿಮ್ಮ ಹಾಳೆಯ ಸೈಜಿಂಗ್ ಸತ್ತಿದೆ.

ಹತ್ತಿ ನಾರು ತಾನಾಗಿ ನೀರು ತಡೆಯಲ್ಲ. ಗಾಯಕ್ಕೆ ಕಟ್ಟೋ ಹತ್ತಿ ಹೇಗೆ ಹೀರುತ್ತೋ ಹಾಗೇ ಹೀರಿಬಿಡುತ್ತೆ. ಬಣ್ಣವನ್ನ ಸ್ವಲ್ಪ ಹೊತ್ತು ಮೇಲೆ ನಿಲ್ಲಿಸೋದು ಸೈಜಿಂಗ್. ಅದು ಎರಡು ಕಡೆ ಇರುತ್ತೆ. ಒಂದು, ತಿರುಳಿಗೇ ಕಲಸೋದು. ಈಗ ಹೆಚ್ಚಾಗಿ ಎಕೆಡಿ ಅನ್ನೋ ಮೇಣದಂಥ ರಾಸಾಯನಿಕ. ಇನ್ನೊಂದು, ಹಾಳೆ ಆದಮೇಲೆ ಜಿಲೆಟಿನ್ (ಪ್ರಾಣಿಯ ತೊಗಲು, ಮೂಳೆಯಿಂದ ತೆಗೆಯೋ ಅಂಟು) ಅಥವಾ ಪಿಷ್ಟದ ದ್ರಾವಣದಲ್ಲಿ ಅದ್ದಿ ತೆಗೆಯೋದು. ಹಾಳೆ ಒದ್ದೆ ಮಾಡಿದಾಗ ಹಸಿ ತೊಗಲಿನ ವಾಸನೆ ಬಂದರೆ ಅದು ಜಿಲೆಟಿನ್, ಕೆಟ್ಟಿದೆ ಅಂತಲ್ಲ.

ಜಿಲೆಟಿನ್, ಪಿಷ್ಟ ಎರಡೂ ಬೂಷ್ಟಿಗೆ ಊಟ. ಗಾಳಿಯ ತೇವಾಂಶ 65–70% ದಾಟಿ ವಾರಗಟ್ಟಲೆ ನಿಂತರೆ, ಕಣ್ಣಿಗೆ ಕಾಣೋ ಮುಂಚೆಯೇ ಬೂಷ್ಟಿನ ಎಳೆ ಅಲ್ಲಲ್ಲಿ ಸೈಜಿಂಗ್ ತಿಂದಿರುತ್ತೆ. ತಿಂದ ಜಾಗದಲ್ಲಿ ಬಣ್ಣ ಒಳಗಿಳಿಯುತ್ತೆ, ಸುತ್ತ ಮೇಲೆ ನಿಲ್ಲುತ್ತೆ. ನಿಮಗೆ ಕಾಣ್ತಿರೋ ಚುಕ್ಕಿ ಅದು. ಒಣ ಹಾಳೆಯಲ್ಲಿ ಗೊತ್ತಾಗಲ್ಲ, ಬಣ್ಣ ಬಿದ್ದಾಗಲೇ ಗೊತ್ತಾಗೋದು.

ಪರೀಕ್ಷೆ ಹೀಗೆ. ಬ್ರಷ್ ತುದಿಯಿಂದ ಒಂದೊಂದು ಹನಿ ನೀರು, ಹಾಳೆಯ ಮೂರು ಕಡೆ: ಅಂಟಿಸಿರೋ ಅಂಚಿನ ಹತ್ತಿರ, ನಡುವೆ, ತೆರೆದ ಮೂಲೆಯಲ್ಲಿ. ಗಡಿಯಾರ ನೋಡಿ. ಆರೋಗ್ಯವಾಗಿದ್ದರೆ ಹನಿ ಐದು ನಿಮಿಷವಾದರೂ ಗುಂಡಗೆ, ಹೊಳೀತಾ ನಿಂತಿರುತ್ತೆ. ಹತ್ತಿಪ್ಪತ್ತು ಸೆಕೆಂಡಿಗೇ ಚಪ್ಪಟೆಯಾಗಿ, ಹಾಳೆ ಅಲ್ಲಿ ಮಬ್ಬಾಗಿ, ಹಿಂಬದಿಯಲ್ಲೂ ಗುರುತು ಕಂಡರೆ ಮುಗೀತು. ಮೂಲೆ ಕೆಟ್ಟು ನಡು ಚೆನ್ನಾಗಿದ್ದರೆ ನಡುವಿನ ಭಾಗ ಕತ್ತರಿಸಿ ಬಳಸಬಹುದು.

ಕಕ್ಕಡ18 · ಭಾಗಮಂಡಲ

ಹಾರಂಗಿಯವರು ಕುಶಾಲನಗರದಲ್ಲಿ ಕೂತು ಆರಾಮಾಗಿ 65% ಅಂತಾರೆ. ಇಲ್ಲಿ ಕಕ್ಕಡ ತಿಂಗಳಲ್ಲಿ (ಜುಲೈ–ಆಗಸ್ಟ್) ತೇವಾಂಶ ಅಳೆಯೋ ಹೈಗ್ರೋಮೀಟರ್ ಮುಳ್ಳು 90ರ ಕೆಳಗೆ ಇಳಿದರೆ ಮೀಟರೇ ಕೆಟ್ಟಿದೆ ಅಂತ ಅನುಮಾನ ಬರುತ್ತೆ. ಒಂದೇ ಜಿಲ್ಲೆ, ಆದ್ರೆ ಪೂರ್ವದ ಬಯಲಿಗೆ ಹೇಳೋ ಸಲಹೆ ಪಶ್ಚಿಮದ ಬೆಟ್ಟಕ್ಕೆ ಆಗಲ್ಲ.

ಹಾಗಾಗಿ ಪ್ರಶ್ನೆಯನ್ನೇ ತಿರುಗಿಸಿ. ಯಾವ ಪೇಪರ್ ಅನ್ನೋಕ್ಕಿಂತ ಯಾವ ತಿಂಗಳಲ್ಲಿ ತಗೊಂಡು ಯಾವಾಗ ಮುಚ್ಚಿಟ್ಟಿರಿ ಅನ್ನೋದು ಮೊದಲು. ಜನವರಿ–ಫೆಬ್ರವರಿಯಲ್ಲಿ, ಕಣದಲ್ಲಿ ಕಾಫಿ ಒಣಗೋ ಹೊತ್ತಿಗೆ, ಪೇಪರೂ ಒಣಗಿರುತ್ತೆ. ಕಾಫಿ ಹೂವರಳಿಸೋ ಹೂಮಳೆ ಬೀಳೋ ಮುಂಚೆ ವರ್ಷಕ್ಕೆ ಬೇಕಾದ್ದನ್ನ ಗಾಳಿಯಾಡದ ಚೀಲಕ್ಕೆ ಹಾಕಿ ಸೀಲ್ ಮಾಡಿ. ಜುಲೈನಲ್ಲಿ ತಂದು ಜುಲೈನಲ್ಲೇ ಮುಚ್ಚಿದರೆ ಥಂಡಿಯನ್ನೇ ಒಳಗೆ ಕಟ್ಟಿಟ್ಟ ಹಾಗೆ.

ನೀಲಿಸೀಸೆ · ಸೋಮವಾರಪೇಟೆ

ಹನಿ ಪರೀಕ್ಷೆ ಮಾಡಿದೆ. ತೆರೆದ ಮೂಲೆ 15 ಸೆಕೆಂಡ್, ಅಂಟಿನ ಅಂಚು ಸುಮಾರು ಎರಡು ನಿಮಿಷ, ನಡು ಆರು ನಿಮಿಷ ದಾಟಿತು. ಪ್ಯಾಡ್ ಜೊತೆ ತೇವ ಹೀರೋ ಸಿಲಿಕಾ ಜೆಲ್ ಪೊಟ್ಟಣ ಎರಡು ಇಟ್ಟಿದ್ದೆ. ಏನೂ ಕೆಲಸ ಮಾಡಲಿಲ್ಲ ಅನ್ನಿಸುತ್ತೆ.

ಹಾರಂಗಿ · ಕುಶಾಲನಗರ

ಎರಡು ಪೊಟ್ಟಣ ಶೂ ಡಬ್ಬಿಗೆ ಸಾಕು, ಪೇಪರಿಗೆ ಸಾಲಲ್ಲ. ಲೆಕ್ಕ ನೋಡಿ.

ಫುಲ್ ಶೀಟ್ ಅಂದರೆ 56×76 ಸೆಂ.ಮೀ. 300 ಜಿಎಸ್‌ಎಂ ಆದ್ರೆ ಒಂದು ಹಾಳೆ ಸುಮಾರು 128 ಗ್ರಾಂ. ಇಪ್ಪತ್ತು ಹಾಳೆಗೆ ಎರಡೂವರೆ ಕೆ.ಜಿ. ಮಳೆಗಾಲದ ಗಾಳಿಯಲ್ಲಿ ಕಾಗದ ತನ್ನ ತೂಕದ 13–14% ನೀರು ಹಿಡಿದಿರುತ್ತೆ ಅಂತ ಇಟ್ಕೊಳ್ಳಿ. ಹಿತವಾದ ಸ್ಥಿತಿಯಲ್ಲಿ 7%ರ ಆಸುಪಾಸು. ವ್ಯತ್ಯಾಸ ಸುಮಾರು 175 ಗ್ರಾಂ ನೀರು, ಅಂದರೆ ಒಂದು ದೊಡ್ಡ ಲೋಟ. ಆ ಮಟ್ಟದ ತೇವಾಂಶದಲ್ಲಿ ಸಿಲಿಕಾ ಜೆಲ್ ತನ್ನ ತೂಕದ ಕಾಲು ಭಾಗ ಹೀರುತ್ತೆ. ಹಾಗಾದ್ರೆ ಬೇಕಾಗೋದು 700 ಗ್ರಾಂ. ಐದು ಗ್ರಾಮಿನ ಪೊಟ್ಟಣ ಎಷ್ಟಾಯ್ತು ಎಣಿಸಿ.

ಅದೇ ಪೇಪರನ್ನ ಫೆಬ್ರವರಿಯಲ್ಲಿ ಒಣಗಿದ್ದಾಗಲೇ ಮುಚ್ಚಿದರೆ 150–200 ಗ್ರಾಂ ಜೆಲ್ ಸಾಕಾಗುತ್ತೆ. ಚೀಲ ತೆಗೆದು ಹಾಕೋವಾಗ ನುಗ್ಗೋ ತೇವ ಮಾತ್ರ ಅದರ ಪಾಲಿಗೆ ಬರೋದು. ಕಕ್ಕಡ18 ಹೇಳಿದ್ದು ಇದೇ.

ಜೆಲ್ ಬಣ್ಣ ತಿರುಗಿದ ಮೇಲೆ ಓವನ್‌ನಲ್ಲಿ 110–120 ಡಿಗ್ರಿಗೆ ಎರಡು ಮೂರು ಗಂಟೆ ಇಟ್ಟರೆ ಮತ್ತೆ ಬಳಕೆಗೆ ಬರುತ್ತೆ. ಕಿತ್ತಳೆ ಬಣ್ಣದ ಸೂಚಕ ಇರೋದು ತಗೊಳ್ಳಿ. ನೀಲಿಯಿಂದ ಗುಲಾಬಿಗೆ ತಿರುಗೋದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತೆ, ಅದು ವಿಷ. ಯಾವುದೇ ಆಗಲಿ, ಅಡುಗೆಯ ಬಾಣಲೆಗೆ ಹಾಕಬೇಡಿ.

ತಡಿಯಂಡಮೋಳ್ · ಕಕ್ಕಬ್ಬೆ

ಚೀಲದ ಬಗ್ಗೆ. ತರಕಾರಿ ಕೊಡೋ ತೆಳು ಪ್ಲಾಸ್ಟಿಕ್ ಆವಿ ತಡೆಯಲ್ಲ, ತಿಂಗಳೊಳಗೆ ಒಳಗೂ ಹೊರಗೂ ಒಂದೇ ಆಗುತ್ತೆ. ಕಾಫಿ ಬೀಜಕ್ಕೆ ಗೋಣಿಯ ಒಳಗೆ ಹಾಕೋ ಗಾಳಿಯಾಡದ ಪದರದ ಚೀಲ ನಮ್ಮ ಕಡೆ ಸಿಗುತ್ತಲ್ಲ, ಅದು ಚೆನ್ನಾಗಿ ನಿಲ್ಲುತ್ತೆ. ಹೊಸದೇ ಇರಲಿ. ಕಾಫಿ ತುಂಬಿದ್ದ ಚೀಲದ ಎಣ್ಣೆ, ವಾಸನೆ ಎರಡೂ ಹಾಳೆಗೆ ಹತ್ತುತ್ತೆ. ಬಾಯಿ ತಿರುಚಿ, ಮಡಚಿ, ರಬ್ಬರ್ ಪಟ್ಟಿ ಹಾಕಿ. ಒಂದೇ ಚೀಲದಲ್ಲಿ ಎಲ್ಲ ಇಡಬೇಡಿ. ಐದೈದು ಹಾಳೆಯ ಚಿಕ್ಕ ಕಟ್ಟು ಮಾಡಿ, ಒಂದು ಮುಗಿದ ಮೇಲೆ ಇನ್ನೊಂದು ತೆಗೀರಿ.

ಪ್ಯಾಡಿನ ಹಿಂದಿನ ದಪ್ಪ ರಟ್ಟನ್ನ ತೆಗೆದು ಬಿಸಾಡಿ. ಆ ರಟ್ಟು ನೀರು ಹೀರಿ ಕೂತ್ಕೊಂಡು ಕೊನೆಯ ಹಾಳೆಗಳಿಗೆ ಹಂಚುತ್ತೆ.

ಮಣ್ಣುಪಾತ್ರೆ · ಗೋಣಿಕೊಪ್ಪ

ಅಡುಗೆಮನೆ ಅಟ್ಟದಲ್ಲಿ ಇಟ್ಟರೆ? ಒಲೆ ಮೇಲೆ ಏಲಕ್ಕಿ, ಕರಿಮೆಣಸು ಎಲ್ಲ ಕೆಡದೆ ಇರುತ್ತಲ್ಲ.

ಕಕ್ಕಡ18 · ಭಾಗಮಂಡಲ

ಏಲಕ್ಕಿಗೆ ಹೊಗೆ ಹಿಡಿದರೆ ಯಾರೂ ಕೇಳಲ್ಲ, ಪೇಪರ್ ಒಂದೇ ಮಳೆಗಾಲಕ್ಕೆ ಹಳದಿ ಆಗುತ್ತೆ. ಜೊತೆಗೆ ಒಗ್ಗರಣೆ ಎಣ್ಣೆಯ ಆವಿ. ಎಣ್ಣೆ ಕೂತ ಕಡೆ ಬಣ್ಣ ಹಿಡಿಯೋದೇ ಇಲ್ಲ, ನೀರು ಕೆಸುವಿನ ಎಲೆ ಮೇಲೆ ಜಾರಿದ ಹಾಗೆ ಜಾರುತ್ತೆ. ತಲೆಗೆ ಎಣ್ಣೆ ಹಚ್ಚಿದ ಕೈಯಲ್ಲಿ ಹಾಳೆ ಮುಟ್ಟಿದರೂ ಇದೇ ಆಗೋದು; ಬೆರಳಚ್ಚು ವಾಶ್‌ನಲ್ಲಿ ಬಿಳಿಯಾಗಿ ಎದ್ದು ಕಾಣುತ್ತೆ.

ಅಟ್ಟದ ಉಪಾಯ ಬೇಕಂದ್ರೆ ಹೊಗೆ ಬಿಟ್ಟು ಬಿಸಿ ಮಾತ್ರ ತಗೊಳ್ಳಿ. ಮುಚ್ಚಿದ ಬೀರುವಿನ ತಳದಲ್ಲಿ ಹಳೇ ಕಾಲದ ತಂತಿ ಬಲ್ಬು, 25 ಅಥವಾ 40 ವ್ಯಾಟ್, ಪೇಪರಿನಿಂದ ಒಂದೂವರೆ ಅಡಿ ದೂರ, ಸುತ್ತ ಕಬ್ಬಿಣದ ಜಾಲರಿ. ಎಲ್‌ಇಡಿಯಿಂದ ಬೇಕಾದಷ್ಟು ಬಿಸಿ ಬರಲ್ಲ.

ಹಾರಂಗಿ · ಕುಶಾಲನಗರ

ಬಲ್ಬಿನ ಉಪಾಯಕ್ಕೆ ಲೆಕ್ಕವೂ ಇದೆ. ಹೊರಗೆ 20 ಡಿಗ್ರಿ, 95% ಇರೋ ಗಾಳಿಯನ್ನ 25 ಡಿಗ್ರಿಗೆ ಬಿಸಿ ಮಾಡಿದರೆ ತೇವಾಂಶ 70%ರ ಹತ್ತಿರ ಇಳಿಯುತ್ತೆ, 28 ಡಿಗ್ರಿಗೆ 59%. ನೀರು ಅಷ್ಟೇ ಇರುತ್ತೆ, ಬಿಸಿ ಗಾಳಿಗೆ ಹೆಚ್ಚು ಹೊರೋ ಶಕ್ತಿ ಅಷ್ಟೆ. ಕರೆಂಟ್ ಹೋದರೆ ಕೆಲವೇ ಗಂಟೆಗಳಲ್ಲಿ ಮತ್ತೆ ಮೊದಲಿನಂತೆ. ಗಾಳಿಮಳೆಗೆ ಕಂಬ ಬಿದ್ದು ಮೂರು ದಿನ ಕರೆಂಟ್ ಇಲ್ಲದ ಊರಲ್ಲಿ ಇದೊಂದನ್ನೇ ನೆಚ್ಚಬೇಡಿ, ಚೀಲವೂ ಇರಲಿ.

ನೀಲಿಸೀಸೆ · ಸೋಮವಾರಪೇಟೆ

ಇಡೋದು ಗೊತ್ತಾಯ್ತು. ಈಗ ಕೊಳ್ಳೋದು ಹೇಳಿ. 25% ಕಾಟನ್, 100% ಕಾಟನ್, ಸೆಲ್ಯುಲೋಸ್ ಅಂತ ಮೂರು ಬೆಲೆಯಲ್ಲಿವೆ. ಕೆಲವು ಕಡೆ 140 ಎಲ್‌ಬಿ ಅಂತ ಬೇರೆ ಬರೆದಿರ್ತಾರೆ.

ಫುಲ್‌ಶೀಟ್ · ಮಡಿಕೇರಿ

ಎಲ್‌ಬಿ ಅಂದರೆ ಪೌಂಡ್. 22×30 ಇಂಚಿನ 500 ಹಾಳೆಗಳ ತೂಕ. 90 ಪೌಂಡ್ ಅಂದರೆ 190 ಜಿಎಸ್‌ಎಂ, 140 ಅಂದರೆ 300, 300 ಪೌಂಡ್ ಅಂದರೆ 640. ಇಲ್ಲೇ ಜನ ಮೋಸ ಹೋಗೋದು: "300" ಅಂತ ಒಂದೇ ಅಂಕಿ ಇದ್ದರೆ ಜಿಎಸ್‌ಎಂ ಇರಬಹುದು, ಪೌಂಡೂ ಇರಬಹುದು, ದಪ್ಪ ಎರಡು ಪಟ್ಟು ಬೇರೆ. ಹಾಳೆಯ ಅಳತೆ ಬದಲಾದರೆ ಪೌಂಡಿನ ಲೆಕ್ಕವೂ ಬದಲಾಗುತ್ತೆ. ಜಿಎಸ್‌ಎಂ ಮಾತ್ರ ನಂಬಿ.

200ರ ಕೆಳಗಿನದು ನೀರು ಬಿದ್ದ ಕೂಡಲೇ ಹಪ್ಪಳ. 300 ಆದ್ರೆ ಕ್ವಾರ್ಟರ್ ಶೀಟ್, ಅಂದರೆ 11×15 ಇಂಚಿನವರೆಗೆ, ನಾಲ್ಕೂ ಬದಿ ಟೇಪ್ ಹಚ್ಚಿದರೆ ಸಾಕು. ಅದಕ್ಕಿಂತ ದೊಡ್ಡದಕ್ಕೆ ಹಿಗ್ಗಿಸಿ ಕಟ್ಟಬೇಕು. 640ಕ್ಕೆ ಏನೂ ಬೇಡ, ದುಡ್ಡು ಬೇಕು.

ಪ್ಯಾಡಿಗಿಂತ ಫುಲ್ ಶೀಟ್ ತಗೊಂಡು ನೀವೇ ಕತ್ತರಿಸಿ. ಒಂದರಲ್ಲಿ ನಾಲ್ಕು ಕ್ವಾರ್ಟರ್ ಅಥವಾ ಎಂಟು ಪುಟ್ಟ ಹಾಳೆ. ಬೆಂಗಳೂರಿಂದ ತರಿಸೋದಾದ್ರೆ ಚಪ್ಪಟೆ ಪ್ಯಾಕ್ ಕೇಳಿ. ಸುರುಳಿ ಮಾಡಿ ಕಳಿಸಿದರೆ ಮೂಲೆ ನಜ್ಜುಗುಜ್ಜಾಗುತ್ತೆ. ಪಾರ್ಸೆಲ್ ಬಂದ ದಿನವೇ ಬಿಚ್ಚಿ ಮೂಲೆಯಲ್ಲೊಂದು ಹನಿ ಹಾಕಿ ನೋಡಿ. ಹದಿನೈದು ದಿನ ಬಿಟ್ಟು ದೂರು ಕೊಟ್ಟರೆ ತೇವ ಯಾರ ಮನೆಯದು ಅಂತ ಹೇಳೋಕಾಗಲ್ಲ.

ಸಂಪಿಗೆಮರ · ವಿರಾಜಪೇಟೆ

ನಾರಿನ ಬಗ್ಗೆ ನಾನು ಹೇಳ್ತೀನಿ. ಸೆಲ್ಯುಲೋಸ್ ಅಂದರೆ ಮರದ ತಿರುಳು. ಹತ್ತಿಯೂ ಸೆಲ್ಯುಲೋಸೇ, ಆದರೆ ಅಂಗಡಿ ಭಾಷೆಯಲ್ಲಿ ಹಾಗೆ. ಹತ್ತಿಯ ನಾರು ಉದ್ದ, ಗಟ್ಟಿ. ಒದ್ದೆ ಬ್ರಷ್ಷಲ್ಲಿ ಉಜ್ಜಿದರೂ ಏಳಲ್ಲ. ಬರ್ಂಟ್ ಸಿಯೆನ್ನಾ ಅನ್ನೋ ಕೆಂಗಂದು ಬಣ್ಣದ ಒಂದು ಪಟ್ಟಿ ಹಚ್ಚಿ, ಪೂರ್ತಿ ಒಣಗಿಸಿ, ಒದ್ದೆ ಬ್ರಷ್ಷಿಂದ ಹತ್ತು ಸಲ ಉಜ್ಜಿ ಬಟ್ಟೆಯಲ್ಲಿ ಒತ್ತಿ. ಒಳ್ಳೇ ಕಾಟನ್ ಆದ್ರೆ ಬಣ್ಣ ಎದ್ದು ಮೇಲ್ಮೈ ಹಾಗೇ ಇರುತ್ತೆ. ಅಗ್ಗದ್ದರಲ್ಲಿ ಸಣ್ಣ ಸಣ್ಣ ಬತ್ತಿ ಸುತ್ತಿಕೊಂಡು ಬರುತ್ತೆ. ಕಿತ್ತು ಬರೋ ಮಾಸ್ಕಿಂಗ್ ಟೇಪಿನ ಹಿಂದೆ ಬಿಳಿ ಪೊರೆ ಅಂಟಿದ್ದರೂ ಮೇಲ್ಮೈ ಸಡಿಲ ಅಂತಲೇ ಅರ್ಥ.

25% ಅಂದರೆ ಮುಕ್ಕಾಲು ಪಾಲು ಮರ. ಕಲಿಕೆಗೆ ಪರವಾಗಿಲ್ಲ, ಮೂರನೇ ಪದರದ ಗ್ಲೇಜ್ (ಒಣಗಿದ ಬಣ್ಣದ ಮೇಲೆ ತೆಳು ಪಾರದರ್ಶಕ ಪದರ) ಹಾಕೋವಾಗ ಕೆಳಗಿನ ಬಣ್ಣ ಕದಡುತ್ತೆ.

ಹೆಸರು ಕೇಳೋರಿಗೆ: ಫ್ರಾನ್ಸಿನ ಆರ್ಶ್, ಇಂಗ್ಲೆಂಡಿನ ಸಾಂಡರ್ಸ್ ವಾಟರ್‌ಫರ್ಡ್ ಎರಡೂ ಪೂರ್ತಿ ಹತ್ತಿ, ಜಿಲೆಟಿನ್ ಸೈಜಿಂಗ್. ಇಟಲಿಯ ಫ್ಯಾಬ್ರಿಯಾನೊ ಆರ್ಟಿಸ್ಟಿಕೊ ಹತ್ತಿಯೇ, ಆದರೆ ಪ್ರಾಣಿಜನ್ಯ ಅಂಟು ಇಲ್ಲ. ಕ್ಯಾನ್ಸನ್ ಮಾಂಟ್‌ವಲ್ ಮರದ ತಿರುಳು. ನಮ್ಮಲ್ಲಿ ಸಿಗೋ ಬ್ರಸ್ಟ್ರೋದಲ್ಲಿ 25%, 100% ಎರಡೂ ಇವೆ, ರಟ್ಟಿನ ಬಣ್ಣ ನೋಡದೆ ಅಕ್ಷರ ಓದಿ ತಗೊಳ್ಳಿ. ಹುಬ್ಬಳ್ಳಿ ಹತ್ತಿರದ ತಾರಿಹಾಳದಲ್ಲಿ ಹತ್ತಿ ಬಟ್ಟೆಯ ಚೂರಿಂದ ಕೈಯಲ್ಲೇ ಮಾಡೋ ಖಾದಿ ಪೇಪರ್ ಕೂಡ ಇದೆ. ಒರಟು ಮೈ, ಹರಿದಂಥ ಅಂಚು, ನೋಡೋಕೇ ಚೆಂದ. ಕೈಕಾಗದ ಯಾವುದೇ ಇರಲಿ, ಹಾಳೆಯಿಂದ ಹಾಳೆಗೆ ಹೀರಿಕೆ ಸ್ವಲ್ಪ ಬೇರೆ, ಹನಿ ಪರೀಕ್ಷೆ ಮಾಡಿಯೇ ಶುರು ಮಾಡಿ.

ಮೈ ಆರಿಸೋದು ಚಿತ್ರದ ಮೇಲೆ. ಕಾಫಿ ಹೂವು, ಸೀತಾಳೆ ಥರ ಸೂಕ್ಷ್ಮ ಅಂಚು ಬೇಕಿದ್ದರೆ ಹಾಟ್ ಪ್ರೆಸ್, ನುಣುಪು. ಆದರೆ ಸೈಜಿಂಗ್ ಕೆಟ್ಟಿದ್ದರೆ ಅದರಷ್ಟು ಬೇಗ ಬೇರೆ ಯಾವುದೂ ಬಯಲು ಮಾಡಲ್ಲ. ಐನ್‌ಮನೆಯ (ಕೊಡವರ ಮೂಲಮನೆಯ) ಹೆಂಚು, ಕಲ್ಲಿನ ಕಟ್ಟೆಗೆ ರಫ್. ಒಣ ಬ್ರಷ್ ಸವರಿದರೆ ಹಾಳೆಯ ತಗ್ಗು ಬಿಳಿಯಾಗೇ ಉಳಿಯುತ್ತೆ. ಬಾಕಿ ಎಲ್ಲಕ್ಕೂ ಕೋಲ್ಡ್ ಪ್ರೆಸ್.

ತಡಿಯಂಡಮೋಳ್ · ಕಕ್ಕಬ್ಬೆ

ಸಂಪಿಗೆಮರ ಅಕ್ಕ, ಒಂದು ತಕರಾರು. ಮಳೆಗಾಲದಲ್ಲಿ ನಮ್ಮ ಕಡೆ ಕಾಟನ್ ಮೇಲೆ ಗ್ಲೇಜ್ ಹಾಕೋದೇ ಶಿಕ್ಷೆ. ಹತ್ತಿ ನೀರು ಒಳಗಿಟ್ಟುಕೊಳ್ಳುತ್ತೆ, ಗಾಳಿ ಅದನ್ನ ತಗೊಳ್ಳಲ್ಲ. ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಒದ್ದೆ. ಎರಡನೇ ಪದರ ಹಾಕ್ತಿದ್ದ ಹಾಗೇ ಹೂಕೋಸಿನಂಥ ಕಲೆ ಅರಳುತ್ತೆ. ಮರದ ತಿರುಳಿನ 300 ಜಿಎಸ್‌ಎಂ ಬೇಗ ಒಣಗುತ್ತೆ, ಒಂದೇ ಏಟಿಗೆ ಮುಗಿಸೋ ಸ್ಕೆಚ್‌ಗೆ ಜುಲೈಯಲ್ಲಿ ಅದೇ ವಾಸಿ. ಅಗ್ಗವೂ ಹೌದು, ಕೆಟ್ಟರೆ ಹೊಟ್ಟೆ ಉರಿಯಲ್ಲ.

ಸಂಪಿಗೆಮರ · ವಿರಾಜಪೇಟೆ

ಸ್ಕೆಚ್‌ಗೆ ಒಪ್ಪಿದೆ. ಬೆಟ್ಟದ ಮೇಲಿನ ಮಂಜಿಗೆ ಒಪ್ಪಲ್ಲ. ಮಂಜಿನ ಅಂಚು ಕರಗಬೇಕಾದರೆ ಹಾಳೆ ಒಂದೇ ಸಮ ಒದ್ದೆಯಾಗಿ ನಿಲ್ಲಬೇಕು. ಮರದ ಪೇಪರಿನಲ್ಲಿ ಒಂದು ಕಡೆ ಕೆರೆ, ಇನ್ನೊಂದು ಕಡೆ ಒಣಗಿರುತ್ತೆ, ಅಂಚು ಗೆರೆಯಾಗಿ ಕೂರುತ್ತೆ. ಒಣಗಿಲ್ಲ ಅನ್ನೋದಕ್ಕೆ ಪೇಪರ್ ಬದಲಿಸಬೇಡಿ, ಕಾಯೋದು ಕಲಿಯಿರಿ. ಅಂಗೈ ಹಿಂಬದಿಯನ್ನ ಹಾಳೆಗೆ ತಾಗಿಸಿ: ತಣ್ಣಗಿದ್ದರೆ ಇನ್ನೂ ಒದ್ದೆ. ಕೋಣೆಯಷ್ಟೇ ಬೆಚ್ಚಗೆ ಆದಮೇಲೆ ಮುಂದಿನ ಪದರ. ಹೇರ್ ಡ್ರೈಯರ್ ಆದ್ರೆ ಒಂದಡಿ ದೂರದಿಂದ, ಹೊಳಪು ಹೋದ ಮೇಲೇ. ಹೊಳಪಿರೋವಾಗ ಊದಿದರೆ ಬಣ್ಣ ತಳ್ಳಿಕೊಂಡು ಹೋಗುತ್ತೆ.

ಬೇಸಿಗೆಯಲ್ಲಿ ಮಂಜು ಬರೆಯೋದಾದ್ರೆ ಹಾಳೆಯ ಎರಡೂ ಬದಿ ಒದ್ದೆ ಮಾಡಿ ಅಕ್ರಿಲಿಕ್ ಶೀಟ್ ಮೇಲೆ ಹಾಸಿ, ಗಾಳಿಗುಳ್ಳೆ ಒತ್ತಿ ತೆಗೀರಿ. ತಾನಾಗೇ ಕಚ್ಚಿಕೊಳ್ಳುತ್ತೆ, ಅರ್ಧ ಗಂಟೆ ಕೆಲಸ ಮಾಡಬಹುದು. ಮಳೆಗಾಲದಲ್ಲಿ ಹಿಂಬದಿ ಒದ್ದೆ ಮಾಡೋ ಅಗತ್ಯ ಇಲ್ಲ, ಊರೇ ಒದ್ದೆ.

ಮಣ್ಣುಪಾತ್ರೆ · ಗೋಣಿಕೊಪ್ಪ

ಹಿಗ್ಗಿಸಿ ಕಟ್ಟೋದು ಹೇಗೆ? ಟೇಪ್ ರಾತ್ರೋರಾತ್ರಿ ಬಿಟ್ಟುಕೊಳ್ಳುತ್ತೆ.

ಫುಲ್‌ಶೀಟ್ · ಮಡಿಕೇರಿ

ಬೇಕಾದ್ದು ನೀರು ಸವರಿದರೆ ಅಂಟೋ ಕಂದು ಕಾಗದದ ಗಮ್ ಟೇಪ್, ಎರಡು ಇಂಚು ಅಗಲ. ಪಾರ್ಸೆಲ್ಲಿಗೆ ಹಚ್ಚೋ ಪ್ಲಾಸ್ಟಿಕ್ ಟೇಪ್ ಒದ್ದೆ ಹಾಳೆಗೆ ಹಿಡಿಯಲ್ಲ. ಹಲಗೆ 12 ಮಿ.ಮೀ. ಪ್ಲೈವುಡ್, ಅದಕ್ಕಿಂತ ತೆಳುವಾದರೆ ಹಾಳೆ ಎಳೆದು ಬಾಗಿಸಿಬಿಡುತ್ತೆ.

ತಣ್ಣೀರಲ್ಲಿ 300 ಜಿಎಸ್‌ಎಂ ಐದರಿಂದ ಎಂಟು ನಿಮಿಷ, 190 ಆದ್ರೆ ಮೂರು. ಬಿಸಿನೀರು ಬೇಡ, ಜಿಲೆಟಿನ್ ಕರಗಿ ನೀರಿಗೇ ಹೋಗುತ್ತೆ. ಒಂದು ಮೂಲೆ ಹಿಡಿದು ನೀರು ಸೋರೋಕೆ ಬಿಡಿ, ಹಲಗೆ ಮೇಲೆ ಹಾಸಿ, ಅಂಚಿನ ಒಂದು ಇಂಚನ್ನ ಒಣಬಟ್ಟೆಯಲ್ಲಿ ಒತ್ತಿ. ಟೇಪ್ ಬಿಟ್ಟುಕೊಳ್ಳೋದು ಇಲ್ಲೇ: ಅಂಚಲ್ಲಿ ನೀರು ನಿಂತಿದ್ದರೆ ಗೋಂದು ತೊಳೆದುಹೋಗುತ್ತೆ. ಟೇಪಿಗೂ ಸ್ಪಂಜಿಂದ ಒಂದೇ ಸಲ ಸವರಿ. ಅರ್ಧ ಹಾಳೆ ಮೇಲೆ, ಅರ್ಧ ಹಲಗೆ ಮೇಲೆ. ಹಲಗೆ ಮಟ್ಟವಾಗಿ ಮಲಗಿಸಿ. ನಿಲ್ಲಿಸಿದರೆ ನೀರು ಕೆಳಗಿಳಿದು ಕೆಳ ಅಂಚು ಕಿತ್ತು ಬರುತ್ತೆ. ಬೇಸಿಗೆಯಲ್ಲಿ ಒಂದು ರಾತ್ರಿ, ಮಳೆಗಾಲದಲ್ಲಿ ಎರಡು ಮೂರು ದಿನ. ಹಲಗೆಯೇ ಥಂಡಿ ಹಿಡಿದಿದ್ದರೆ ಮೊದಲು ಅದನ್ನ ಬಲ್ಬಿನ ಬೀರುವಿನಲ್ಲಿ ಒಣಗಿಸಿ.

ಕಕ್ಕಡ18 · ಭಾಗಮಂಡಲ

ಉಪ್ಪು ಎರಚೋರಿಗೆ ಒಂದು ಮಾತು. ಒದ್ದೆ ವಾಶ್ ಮೇಲೆ ಉಪ್ಪು ಹಾಕಿದರೆ ನಕ್ಷತ್ರ ಮೂಡುತ್ತೆ, ಸರಿ. ಆ ಉಪ್ಪು ಸ್ವಲ್ಪ ಹಾಳೆಯಲ್ಲೇ ಉಳಿಯುತ್ತೆ, ಮುಂದಿನ ಮಳೆಗಾಲಕ್ಕೆ ಗಾಳಿಯ ನೀರು ಕುಡಿಯುತ್ತೆ. ಜಿಗಣೆಗೆ ಅಂತ ಜೇಬಲ್ಲಿಟ್ಟ ಉಪ್ಪಿನ ಪೊಟ್ಟಣ ನೀರಾಗುತ್ತಲ್ಲ, ಅದೇ. ಪೇಪರ್ ಹೊರಗಿನ ಗೋಡೆಯ ಮೇಲೆ ನೇತಾಡೋದಾದ್ರೆ ಉಪ್ಪು ಬೇಡ.

ನೀಲಿಸೀಸೆ · ಸೋಮವಾರಪೇಟೆ

ಎಲ್ಲರಿಗೂ ಥ್ಯಾಂಕ್ಸ್. ಕೊನೆಯದಾಗಿ, ಮೂಲೆ ಕೆಟ್ಟಿರೋ ಈ ಪ್ಯಾಡನ್ನ ಉಳಿಸಿಕೊಳ್ಳೋಕೆ ಆಗುತ್ತಾ? ಹದಿನಾಲ್ಕು ಹಾಳೆ ಬಾಕಿ ಇದೆ.

ಹಾರಂಗಿ · ಕುಶಾಲನಗರ

ಈಗ ಬೇಡ, ಜನವರಿಯಲ್ಲಿ ಮಾಡಿ. ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗೋ ಸಪ್ಪೆ ಜಿಲೆಟಿನ್ ಪುಡಿ 15–20 ಗ್ರಾಂ, ಒಂದು ಲೀಟರ್ ನೀರು. ಮೊದಲು ತಣ್ಣೀರಲ್ಲಿ ಇಪ್ಪತ್ತು ನಿಮಿಷ ನೆನೆಸಿ ಉಬ್ಬಿಸಿ, ಆಮೇಲೆ 60 ಡಿಗ್ರಿವರೆಗೆ ಬಿಸಿ ಮಾಡಿ ಕರಗಿಸಿ. ಕುದಿಸಿದರೆ ಅಂಟಿನ ಬಲ ಹೋಗುತ್ತೆ. ಬೆಚ್ಚಗಿರೋವಾಗಲೇ ಮೂರಿಂಚಿನ ಮೆದು ಬ್ರಷ್ಷಲ್ಲಿ ಒಂದೇ ದಿಕ್ಕಿಗೆ ಸವರಿ, ಒಂದು ಅಂಚಿಗೆ ಕ್ಲಿಪ್ ಹಾಕಿ ನೇತುಹಾಕಿ. ಒಂದು ದಿನ ಬಿಟ್ಟು ಹನಿ ಪರೀಕ್ಷೆ ಮಾಡಿ, ಬೇಕಿದ್ದರೆ ಇನ್ನೊಂದು ಕೈ. ಗಟ್ಟಿ ದ್ರಾವಣ ಒಂದೇ ಸಲ ಹಾಕಿದರೆ ಮೈ ಗಾಜಿನ ಹಾಗಾಗಿ ಬಣ್ಣ ಜಾರುತ್ತೆ. ಮಳೆಯಲ್ಲಿ ಮಾಡಿದರೆ ಒಣಗೋಕೆ ಎರಡು ದಿನ, ಅಷ್ಟರಲ್ಲಿ ಬೂಷ್ಟಿಗೆ ಹೊಸ ಊಟ ಬಡಿಸಿದ ಹಾಗೆ.

ಕಂದು ಮಚ್ಚೆ ಬಂದಿರೋ ಹಾಳೆ ಇದ್ದರೆ ಅದನ್ನ ಬೇರೆ ತೆಗೆದಿಡಿ, ಜಿಲೆಟಿನ್ನಿಂದ ಆ ಮಚ್ಚೆ ಹೋಗಲ್ಲ. ಬ್ಲೀಚ್ ಹಾಕಬೇಡಿ, ನಾರೇ ಕೊಳೆಯುತ್ತೆ.

ಸಂಪಿಗೆಮರ · ವಿರಾಜಪೇಟೆ

ಜನವರಿವರೆಗೆ ನಡುವಿನ ಭಾಗ ಕತ್ತರಿಸಿ ಬಳಸ್ತಾ ಇರಿ. ಕತ್ತರಿಸಿದ ಅಂಚಿನ ಪಟ್ಟಿಗಳು ಇದ್ದಿಲಿಗೆ, ಸಾಫ್ಟ್ ಪಾಸ್ಟೆಲ್‌ಗೆ ಚೆನ್ನಾಗೇ ಬರುತ್ತೆ, ಅವಕ್ಕೆ ಸೈಜಿಂಗ್ ಬೇಡ. ಗೌಶ್ (ತಳ ಕಾಣದ ಜಲವರ್ಣ) ಕೂಡ ದಪ್ಪಗೆ ಹಚ್ಚಿದರೆ ಚುಕ್ಕಿ ಮುಚ್ಚಿಕೊಳ್ಳುತ್ತೆ.